ನೆಲಕ್ಕೆ ತಕ್ಕ ಬೈರಿಗೆ: ಹೊಸಪೇಟೆ ಸೀಮೆಯಲ್ಲಿ ಗುಂಡಿ ತೋಡುವ ಯಂತ್ರದ ಆಯ್ಕೆ

ಹೊಸಪೇಟೆಯನ್ನು ನಡುವಿಟ್ಟುಕೊಂಡು ನೋಡಿದರೆ ಹಂಪಿ, ಸಂಡೂರು, ಕಂಪ್ಲಿ ಮೂರೂ ಸುಮಾರು ಮೂವತ್ತೈದು ಕಿಲೋಮೀಟರಿನ ಒಳಗೇ ಇವೆಯಾದರೂ, ನೆಲದ ಲೆಕ್ಕದಲ್ಲಿ ಇವು ಬೇರೆ ಬೇರೆ ಸೀಮೆಗಳು. ಹೊಸಪೇಟೆಯ ಸುತ್ತ ಮರಳು ಬೆರೆತ ಕೆಂಪು ಮಸಾರಿ ಮಣ್ಣು ಹೆಚ್ಚಾಗಿದ್ದರೆ, ಕಂಪ್ಲಿಯ ಕಡೆ ಕಾಲುವೆ ನೀರು ಕುಡಿದ ಜಿಗುಟಾದ ಕಪ್ಪು ಎರೆ ಮಣ್ಣಿನ ಗದ್ದೆಗಳಿವೆ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಚೂರುಗಳು ಬೆರೆತ ಗರಸು ನೆಲವಿದ್ದರೆ, ಹಂಪಿಯಲ್ಲಿ ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟ್ ಬಂಡೆಗಳ ನಡುವೆ ತೆಳುವಾದ ಮಣ್ಣಿನ ಪದರವಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಸೇರಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಆದರೆ ನೆಲಕ್ಕೆ ಗುಂಡಿ ತೋಡಲು ಹೊರಟವರಿಗೆ ಲೆಕ್ಕಕ್ಕೆ ಬರುವುದು ಕಂದಾಯದ ಗಡಿಯಲ್ಲ, ಮಣ್ಣಿನ ಗಡಿ.

ಬಾಳೆ, ದಾಳಿಂಬೆ, ನುಗ್ಗೆ ಸಸಿ ನೆಡುವುದಕ್ಕೂ ತೋಟದ ಸುತ್ತ ಬೇಲಿ ಕಂಬ ನಿಲ್ಲಿಸುವುದಕ್ಕೂ ಗುದ್ದಲಿ, ಸಲಿಕೆ, ಹಾರೆಗಳೇ ಸಾಧನವಾಗಿದ್ದ ಕಾಲ ನಿಧಾನವಾಗಿ ಹಿಂದೆ ಸರಿಯುತ್ತಿದೆ. ಕೂಲಿಯಾಳು ಸಿಗುವುದು ಕಷ್ಟವಾದಂತೆ, ಸುರುಳಿ ಅಲಗಿನ ಉದ್ದನೆಯ ಬಿಟ್ ಅನ್ನು ತಿರುಗಿಸಿ ನೆಲ ಕೊರೆಯುವ ಆಗರ್ ಯಂತ್ರ, ಅಂದರೆ ರೈತರು ಸರಳವಾಗಿ ಗುಂಡಿ ತೋಡುವ ಮಷಿನ್ ಎನ್ನುವ ಸಾಧನ, ತೋಟಗಳಿಗೆ ಬಂದಿದೆ. ಅದರ ಕೆಲಸದ ರೀತಿ ಬಡಗಿಯ ಬೈರಿಗೆಯದೇ: ತುದಿಯ ಮೊನೆ ಜಾಗ ಹಿಡಿದು ನಿಲ್ಲುತ್ತದೆ, ಅದರ ಪಕ್ಕದ ಹಲ್ಲುಗಳು ಮಣ್ಣನ್ನು ಕತ್ತರಿಸುತ್ತವೆ, ಸುರುಳಿ ಅಲಗು ಕತ್ತರಿಸಿದ ಮಣ್ಣನ್ನು ಮೇಲಕ್ಕೆ ಎತ್ತಿ ಗುಂಡಿಯ ಬಾಯಿಯ ಸುತ್ತ ಚೆಲ್ಲುತ್ತದೆ. ಹೆಚ್ಚಿನವು ಪೆಟ್ರೋಲಿನಿಂದ ಓಡುವ ಎರಡು ಸ್ಟ್ರೋಕಿನ ಎಂಜಿನ್ನಿನವು. ಈಚೆಗೆ ಬ್ಯಾಟರಿಯಿಂದ ಓಡುವ ವಿದ್ಯುತ್ ಯಂತ್ರಗಳೂ ಮಾರುಕಟ್ಟೆಗೆ ಬಂದಿದ್ದು, ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಜಾಹೀರಾತಿನ ವ್ಯಾಟ್ ಮತ್ತು ಇಂಚುಗಳ ಅಂಕಿಗಳಷ್ಟರಿಂದಲೇ ಉತ್ತರ ಸಿಗುವುದಿಲ್ಲ. ಸಾಮಾನ್ಯವಾಗಿ ಕೊಳ್ಳುವವರು ಮೊದಲು ಬೆಲೆ, ಆಮೇಲೆ ಬ್ಯಾಟರಿ, ಆಮೇಲೆ ಮೋಟಾರು, ಕೊನೆಗೆ ಬಿಟ್ ನೋಡುತ್ತಾರೆ. ಮಣ್ಣಿನ ವಿಚಾರ ನೆನಪಾಗುವುದು ಯಂತ್ರ ಹೊಲಕ್ಕೆ ಬಂದ ಮೇಲೆಯೇ. ಈ ಸಾಲನ್ನು ತಲೆಕೆಳಗು ಮಾಡಿ, ಮಣ್ಣು ನೋಡಿ ಬಿಟ್, ಬಿಟ್ ನೋಡಿ ಮೋಟಾರು, ಮೋಟಾರು ನೋಡಿ ಬ್ಯಾಟರಿ ಎಂದು ಆರಿಸಿಕೊಂಡವರಿಗೆ ಯಂತ್ರ ಮೂಲೆ ಸೇರುವ ಭಯ ಕಡಿಮೆ.

ಇಂಥ ಬ್ಯಾಟರಿ ಯಂತ್ರಗಳಲ್ಲಿ ಕೆಲವು ಮೂಲತಃ ನೆಲಕ್ಕಾಗಿ ಮಾತ್ರ ಮಾಡಿದವಲ್ಲ ಎಂಬುದು ಇಲ್ಲಿ ತಿಳಿದಿರಬೇಕಾದ ಸಂಗತಿ. ಕೆನಡಾ, ಫಿನ್ಲೆಂಡ್, ಅಮೆರಿಕದ ಮಿನ್ನೆಸೋಟದಂಥ ಚಳಿಪ್ರದೇಶಗಳಲ್ಲಿ ಕೆರೆ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ, ಆ ಮಂಜುಗಡ್ಡೆಗೆ ಆರು, ಎಂಟು ಅಥವಾ ಹತ್ತು ಇಂಚಿನ ರಂಧ್ರ ಕೊರೆದು, ಅದರ ಮೂಲಕ ಗಾಳ ಇಳಿಬಿಟ್ಟು ಮೀನು ಹಿಡಿಯುವ ಪದ್ಧತಿಯಿದೆ. ತುಂಗಭದ್ರಾ ಜಲಾಶಯದಲ್ಲಿ ಹರಿಗೋಲಿನಿಂದ ಬಲೆ ಬೀಸುವ ಮೀನುಗಾರರಿಗೆ ಇಂಥ ರಂಧ್ರದ ಅಗತ್ಯ ಎಂದೂ ಬಾರದಿದ್ದರೂ, ಆ ದೇಶಗಳಲ್ಲಿ ಒಂದೇ ಮೋಟಾರಿಗೆ ಚಳಿಗಾಲದಲ್ಲಿ ಮಂಜಿನ ಬಿಟ್, ಬೇಸಿಗೆಯಲ್ಲಿ ಮಣ್ಣಿನ ಬಿಟ್ ಜೋಡಿಸಿ ಬಳಸುವುದುಂಟು. ಆನ್‌ಲೈನ್ ಅಂಗಡಿಗಳಲ್ಲಿ ಎರಡೂ ಬಗೆಯ ಬಿಟ್‌ಗಳು ಅಕ್ಕಪಕ್ಕದಲ್ಲೇ ಕಾಣಿಸುತ್ತವೆ. ನೋಟಕ್ಕೆ ಒಂದೇ ತೆರನಾದರೂ ಇವೆರಡರ ಗುಣ ಬೇರೆ. ಮಂಜುಗಡ್ಡೆಯಲ್ಲಿ ಕಲ್ಲಿಲ್ಲ, ಬೇರಿಲ್ಲ, ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಗಟ್ಟಿತನವಿರುತ್ತದೆ; ಆದ್ದರಿಂದ ಮಂಜಿನ ಬಿಟ್‌ನ ತುದಿಯಲ್ಲಿ ಕ್ಷೌರದ ಕತ್ತಿಯಷ್ಟು ಹರಿತವಾದ ತೆಳು ಅಲಗುಗಳಿದ್ದು, ಅವು ಮಂಜನ್ನು ಹೆರೆಯುತ್ತವೆ. ಅದೇ ಅಲಗನ್ನು ಹೊಸಪೇಟೆಯ ಮಸಾರಿ ಮಣ್ಣಿಗೆ ಇಳಿಸಿದರೆ ಅದರಲ್ಲಿನ ಮರಳಿನ ಕಣಗಳು ಮೊದಲ ಗುಂಡಿಯಲ್ಲೇ ಅದರ ಹರಿತವನ್ನು ತಿಂದುಹಾಕುತ್ತವೆ. ಮಣ್ಣಿನ ಬಿಟ್‌ಗೆ ಬೇಕಾದದ್ದು ದಪ್ಪನೆಯ ಗಟ್ಟಿ ಉಕ್ಕಿನ ಹಲ್ಲುಗಳು. ಅವು ಹೆರೆಯುವುದಕ್ಕಿಂತ ಅಗೆಯುವ, ಸಿಗಿಯುವ ಕೆಲಸ ಮಾಡುತ್ತವೆ, ಮತ್ತು ಸವೆದಾಗ ಬೋಲ್ಟ್ ಬಿಚ್ಚಿ ಬದಲಿಸುವಂತಿರಬೇಕು.

ಮೋಟಾರಿನ ವಿಚಾರದಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಟಾರ್ಕ್ ಎಂದು ಕರೆಯುವ ತಿರುಗುಬಲ. ಒಂದು ಯಂತ್ರದ ಶಕ್ತಿ ಎಷ್ಟು ವ್ಯಾಟ್ ಎಂಬುದು ಅದು ಎಷ್ಟು ಬೇಗ ಕೆಲಸ ಮುಗಿಸಬಲ್ಲದು ಎಂಬುದರ ಅಳತೆಯಾದರೆ, ತಿರುಗುಬಲವು ಬಿಟ್ ಅನ್ನು ಎಷ್ಟು ಜೋರಿನಿಂದ ತಿರುಚಬಲ್ಲದು ಎಂಬುದರ ಅಳತೆ. ಅದನ್ನು ನ್ಯೂಟನ್ ಮೀಟರ್ ಎಂಬ ಮಾನದಲ್ಲಿ ಹೇಳುತ್ತಾರೆ. ಶಕ್ತಿ ಒಂದೇ ಇದ್ದಾಗ ವೇಗ ಹೆಚ್ಚಿದಷ್ಟೂ ತಿರುಗುಬಲ ಕುಗ್ಗುತ್ತದೆ. ಬಿಟ್‌ಗೆ ತಲುಪುವ ಶಕ್ತಿ ಒಂದು ಕಿಲೋವ್ಯಾಟ್ ಎಂದಿಟ್ಟುಕೊಂಡರೆ, ನಿಮಿಷಕ್ಕೆ 100 ಸುತ್ತು ತಿರುಗುವಾಗ ಸುಮಾರು 95 ನ್ಯೂಟನ್ ಮೀಟರ್ ಬಲ ಸಿಗುತ್ತದೆ, 200 ಸುತ್ತು ತಿರುಗುವಾಗ ಅದರ ಅರ್ಧ ಮಾತ್ರ. ನೆಲ ಕೊರೆಯುವುದಕ್ಕೆ ವೇಗಕ್ಕಿಂತ ಬಲ ಮುಖ್ಯವಾದ್ದರಿಂದ ನಿಧಾನ ತಿರುಗುವ, ಒಳ್ಳೆಯ ಗೇರ್‌ಪೆಟ್ಟಿಗೆಯುಳ್ಳ ಯಂತ್ರವೇ ಇಲ್ಲಿಗೆ ಸೂಕ್ತ. ಬಿಟ್‌ನ ಅಗಲವೂ ಇದೇ ಲೆಕ್ಕಕ್ಕೆ ಸೇರುತ್ತದೆ: ಪ್ರತಿ ಸುತ್ತಿಗೆ ಒಂದೇ ದಪ್ಪದ ಮಣ್ಣು ಕತ್ತರಿಸುವುದಾದರೆ, ಆರು ಇಂಚಿನ ಬಿಟ್‌ಗೆ ಬೇಕಾಗುವ ತಿರುಗುಬಲಕ್ಕಿಂತ ಹನ್ನೆರಡು ಇಂಚಿನ ಬಿಟ್‌ಗೆ ಬೇಕಾಗುವುದು ಹೆಚ್ಚುಕಡಿಮೆ ನಾಲ್ಕು ಪಟ್ಟು. ಎರಡು ಅಡಿ ಆಳಕ್ಕೆ ಎಂಟು ಇಂಚಿನ ಗುಂಡಿಯಿಂದ ಸುಮಾರು 20 ಲೀಟರ್ ಮಣ್ಣು ಹೊರಬಂದರೆ, ಹನ್ನೆರಡು ಇಂಚಿನದರಿಂದ 44 ಲೀಟರಿನಷ್ಟು ಮಣ್ಣು ಬರುತ್ತದೆ. ಕೈಯಲ್ಲಿ ಹಿಡಿಯುವ ಬ್ಯಾಟರಿ ಯಂತ್ರಕ್ಕೆ ಆರು ಅಥವಾ ಎಂಟು ಇಂಚು ಹಿತವಾದ ಅಳತೆ. ಹನ್ನೆರಡು ಇಂಚಿನ ಬಿಟ್ ಅನ್ನೂ ಜೊತೆಗೆ ಕೊಡುತ್ತೇವೆಂಬ ಮಾತಿಗೆ ಮರುಳಾಗುವ ಮೊದಲು ಈ ಅಂತರವನ್ನು ನೆನೆಯುವುದು ಒಳ್ಳೆಯದು.

ಈ ಬಲವೇ ಅಪಾಯದ ಮೂಲವೂ ಹೌದು. ಬಿಟ್ ಬೇರಿಗೋ ಕಲ್ಲಿಗೋ ಸಿಕ್ಕಿ ಫಕ್ಕನೆ ನಿಂತಾಗ ಅದನ್ನು ತಿರುಗಿಸುತ್ತಿದ್ದ ಬಲ ಮಾಯವಾಗುವುದಿಲ್ಲ, ಹಿಡಿದವರ ಕೈಗೆ ಬರುತ್ತದೆ. 95 ನ್ಯೂಟನ್ ಮೀಟರ್ ಬಲದ ಯಂತ್ರದ ಹಿಡಿಗಳನ್ನು ನಡುಗಂಬದಿಂದ ಒಂದೊಂದು ಅಡಿ ದೂರದಲ್ಲಿ ಹಿಡಿದಿದ್ದರೆ, ಒಂದೊಂದು ಕೈಯನ್ನೂ ಸುಮಾರು 16 ಕಿಲೋ ಭಾರದಷ್ಟು ಬಲ ಪಕ್ಕಕ್ಕೆ ತಳ್ಳುತ್ತದೆ. ತಿರುಗುತ್ತಿದ್ದ ಮೋಟಾರಿನ ವೇಗ ಒಮ್ಮೆಲೇ ಮುರಿದುಬೀಳುವುದರಿಂದ ಮೊದಲ ಏಟು ಇದಕ್ಕಿಂತಲೂ ಹೆಚ್ಚು. ಮಣಿಕಟ್ಟು ಉಳುಕುವುದು, ಹಿಡಿ ಪಕ್ಕೆಗೆ ಬಡಿಯುವುದು ಹೀಗೆಯೇ. ಈ ಒಂದು ವಿಷಯದಲ್ಲಿ ವಿದ್ಯುತ್ ಯಂತ್ರ ಪೆಟ್ರೋಲಿನದಕ್ಕಿಂತ ಸ್ಪಷ್ಟವಾಗಿ ಮೇಲು. ಒಳ್ಳೆಯ ಬ್ಯಾಟರಿ ಯಂತ್ರಗಳಲ್ಲಿ ಬಿಟ್ ಸಿಕ್ಕಿಕೊಂಡದ್ದನ್ನು ಗುರುತಿಸಿ ಕ್ಷಣದಲ್ಲಿ ಮೋಟಾರು ನಿಲ್ಲಿಸುವ ವ್ಯವಸ್ಥೆ ಇರುತ್ತದೆ, ಸ್ವಿಚ್ ಒತ್ತಿದರೆ ಹಿಮ್ಮುಖವಾಗಿ ತಿರುಗಿ ಸಿಕ್ಕಿಬಿದ್ದ ಬಿಟ್ ತಾನಾಗಿಯೇ ಹೊರಬರುತ್ತದೆ. ಪೆಟ್ರೋಲಿನ ಸಾಮಾನ್ಯ ಕೈಯಂತ್ರಗಳಲ್ಲಿ ಹಿಮ್ಮುಖ ಚಲನೆ ಇಲ್ಲದ್ದರಿಂದ ಸಿಕ್ಕಿಬಿದ್ದ ಬಿಟ್ ಅನ್ನು ಬಿಡಿಸಲು ಎಂಜಿನ್ ಆರಿಸಿ, ಯಂತ್ರವನ್ನೇ ಕೈಯಾರೆ ಎಡಕ್ಕೆ ತಿರುಗಿಸಬೇಕು, ಅದೂ ಆಗದಿದ್ದರೆ ಪಕ್ಕದಲ್ಲಿ ಗುದ್ದಲಿ ಹಾಕಿ ಅಗೆಯಬೇಕು. ಆದ್ದರಿಂದ ಬ್ಯಾಟರಿ ಯಂತ್ರ ಕೊಳ್ಳುವವರು ಈ ಎರಡು ಸೌಲಭ್ಯಗಳು ಇವೆಯೇ ಎಂದು ಕೇಳದೆ ಹಣ ಕೊಡಬಾರದು. ಇವಿಲ್ಲದ ವಿದ್ಯುತ್ ಯಂತ್ರಕ್ಕೆ ಹೆಚ್ಚಿನ ಬೆಲೆ ತೆರುವುದರಲ್ಲಿ ಅರ್ಥವಿಲ್ಲ.

ಹೊಸಪೇಟೆ ಮತ್ತು ಕಮಲಾಪುರದ ಬಾಳೆ ತೋಟಗಳಲ್ಲಿ ಬ್ಯಾಟರಿಯ ಮಿತಿ ಚೆನ್ನಾಗಿ ಗೊತ್ತಾಗುತ್ತದೆ. ಆರು ಅಡಿಗೆ ಆರು ಅಡಿ ಅಂತರದಲ್ಲಿ ಬಾಳೆ ನೆಟ್ಟರೆ ಎಕರೆಗೆ 1,210 ಗುಂಡಿಗಳು ಬೇಕು. 36 ವೋಲ್ಟ್, 5 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಅಡಗಿರುವ ಒಟ್ಟು ಶಕ್ತಿ 180 ವ್ಯಾಟ್ ಗಂಟೆ. ವೋಲ್ಟನ್ನು ಆಂಪಿಯರ್ ಗಂಟೆಯಿಂದ ಗುಣಿಸಿದರೆ ಈ ಅಂಕಿ ಸಿಗುತ್ತದೆ, ಮತ್ತು ಎರಡು ಬ್ಯಾಟರಿಗಳನ್ನು ಹೋಲಿಸಲು ಇದಕ್ಕಿಂತ ನಂಬಲರ್ಹ ಅಳತೆ ಇನ್ನೊಂದಿಲ್ಲ. ಮೋಟಾರು ಸರಾಸರಿ 900 ವ್ಯಾಟ್ ಎಳೆಯುತ್ತದೆ, ಹದವಾದ ಮಸಾರಿ ಮಣ್ಣಿನಲ್ಲಿ ಒಂದು ಗುಂಡಿಗೆ ಇಪ್ಪತ್ತು ಸೆಕೆಂಡು ಸಾಕು ಎಂದುಕೊಂಡರೆ, ಗುಂಡಿಯೊಂದಕ್ಕೆ 5 ವ್ಯಾಟ್ ಗಂಟೆ ಖರ್ಚಾಗಿ, ಒಮ್ಮೆ ತುಂಬಿದ ಬ್ಯಾಟರಿಗೆ 36 ಗುಂಡಿಗಳಾಗುತ್ತವೆ. ಎಕರೆ ಮುಗಿಯಬೇಕಾದರೆ ಮೂವತ್ತಕ್ಕೂ ಹೆಚ್ಚು ಬಾರಿ ಚಾರ್ಜ್ ಮಾಡಬೇಕು. ಅದೇ ಮಣ್ಣು ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿ ಒಂದು ಗುಂಡಿಗೆ ಒಂದು ನಿಮಿಷ ಹಿಡಿದರೆ, ಹನ್ನೆರಡು ಗುಂಡಿಗೇ ಬ್ಯಾಟರಿ ಬರಿದಾಗುತ್ತದೆ. ಹೀಗಿರುವುದರಿಂದ ಎಕರೆಗಟ್ಟಲೆ ಹೊಸ ತೋಟ ಹಾಕುವವರಿಗೆ ಕೈಯಲ್ಲಿ ಹಿಡಿಯುವ ಬ್ಯಾಟರಿ ಯಂತ್ರ ಸರಿಯಾದ ಸಾಧನವಲ್ಲ. ಅಂಥವರು ಟ್ರ್ಯಾಕ್ಟರಿನಿಂದ ಸಾಲು ಹೊಡೆದು ನೆಡಬಹುದು, ಇಲ್ಲವೇ ಟ್ರ್ಯಾಕ್ಟರಿನ ಹಿಂದಿನ ಶಾಫ್ಟ್‌ಗೆ ಜೋಡಿಸುವ ದೊಡ್ಡ ಆಗರ್ ಬಾಡಿಗೆಗೆ ತರಬಹುದು. ಬ್ಯಾಟರಿ ಯಂತ್ರದ ನಿಜವಾದ ಉಪಯೋಗವಿರುವುದು ಸತ್ತ ಗಿಡಗಳ ಜಾಗದಲ್ಲಿ ಮರುನಾಟಿ ಮಾಡುವಾಗ, ಬೆಳೆದು ನಿಂತ ತೋಟದೊಳಗೆ ಟ್ರ್ಯಾಕ್ಟರ್ ಹೋಗಲಾಗದ ಕಡೆ, ಗಾಳಿಗೆ ಬಾಗುವ ಗೊನೆಗಿಡಕ್ಕೆ ಆಸರೆ ಕಂಬ ನಿಲ್ಲಿಸುವಾಗ, ಹಿತ್ತಿಲಿನಲ್ಲಿ, ಶಾಲೆಯ ಅಂಗಳದಲ್ಲಿ; ಒಟ್ಟಾರೆ ದಿನಕ್ಕೆ ಮೂವತ್ತು ನಲವತ್ತು ಗುಂಡಿಗಳ ಒಳಗಿನ ಕೆಲಸಕ್ಕೆ.

ವೈರ್ ಎಳೆದು ನೇರ ವಿದ್ಯುತ್ತಿನಿಂದ ಓಡಿಸುವ ಅಗ್ಗದ ಯಂತ್ರಗಳೂ ಸಿಗುತ್ತವೆ, ಆದರೆ ಹೊಲದ ಮಧ್ಯಕ್ಕೆ ನೂರಾರು ಅಡಿ ವೈರ್ ಎಳೆಯುವುದು ಕಷ್ಟವೂ ಹೌದು, ಹಸಿ ನೆಲದಲ್ಲಿ ಅಪಾಯವೂ ಹೌದು. ಇಲ್ಲಿನ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನ ಪಂಪ್‌ಸೆಟ್ ಲೈನಿನಲ್ಲಿ ದಿನವಿಡೀ ವಿದ್ಯುತ್ ಇರುವುದೂ ಇಲ್ಲ. ಮನೆಯ ಸಿಂಗಲ್ ಫೇಸ್‌ನಲ್ಲಿ ರಾತ್ರಿ ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ಹೊಲಕ್ಕೆ ಒಯ್ಯಬಹುದಾದ ಬ್ಯಾಟರಿಯ ಅನುಕೂಲ ತಿಳಿಯುವುದು ಇಲ್ಲಿಯೇ.

ಮಂಜುಗಡ್ಡೆಯ ನಾಡಿನಲ್ಲಿ ಲಿಥಿಯಂ ಬ್ಯಾಟರಿಗೆ ಚಳಿ ಶತ್ರು. ಅಲ್ಲಿನವರು ಬ್ಯಾಟರಿಯನ್ನು ಕೋಟಿನ ಒಳಗಿಟ್ಟು ಬೆಚ್ಚಗೆ ಕಾಪಾಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಹೊಸಪೇಟೆಯಲ್ಲಿ ಶತ್ರು ಬಿಸಿಲು. ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು, ಮತ್ತು ಕೆಲಸ ಮಾಡಿ ಬಂದ ಬ್ಯಾಟರಿಯ ಒಳಬಿಸಿ ಹೊರಗಿನ ಗಾಳಿಗಿಂತ ಹೆಚ್ಚಿರುತ್ತದೆ. ಆದ್ದರಿಂದ ಬಿಚ್ಚಿದ ಕೂಡಲೇ ಚಾರ್ಜರಿಗೆ ಹಾಕದೆ, ಅರ್ಧ ಗಂಟೆಯಾದರೂ ನೆರಳಿನಲ್ಲಿ ಆರಲು ಬಿಡಬೇಕು. ಟ್ರ್ಯಾಕ್ಟರಿನ ಕಾದ ತಗಡಿನ ಮೇಲೆ, ಮುಚ್ಚಿದ ಕಾರಿನೊಳಗೆ ಬ್ಯಾಟರಿ ಬಿಟ್ಟು ಊಟಕ್ಕೆ ಹೋಗುವ ಅಭ್ಯಾಸ ಅದರ ಆಯುಷ್ಯವನ್ನು ಸದ್ದಿಲ್ಲದೆ ತಿನ್ನುತ್ತದೆ. ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ ಆಗಿರುವುದರಿಂದ ಈ ಎಚ್ಚರ ಹಣ ಉಳಿಸುವ ಎಚ್ಚರವೂ ಹೌದು.

ಕಂಪ್ಲಿಯ ಎರೆ ಮಣ್ಣಿನಲ್ಲಿ ತೊಡಕೇ ಬೇರೆ. ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಹಸಿ ಇದ್ದಾಗ ಬಿಟ್ ಇಳಿಸಿದರೆ ಮಣ್ಣು ಸುರುಳಿಗೆ ಮೆತ್ತಿಕೊಂಡು ಮೇಲೆ ಬರುವುದಿಲ್ಲ. ಬಿಟ್ ಎತ್ತಿದಾಗ ಮಣ್ಣಿನ ಉಂಡೆಯೇ ಅದರ ಜೊತೆ ಬಂದು, ಕೋಲಿನಿಂದ ಕೆರೆದು ತೆಗೆಯಬೇಕಾಗುತ್ತದೆ. ಬಿರು ಬೇಸಿಗೆಯಲ್ಲಿ ಅದೇ ಮಣ್ಣು ಇಟ್ಟಿಗೆಯಷ್ಟು ಗಟ್ಟಿ. ನಡುವಿನ ಹದ ನೋಡಿಕೊಳ್ಳಬೇಕು: ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಬೇಕು, ಆದರೆ ಬೆರಳಿನಿಂದ ಒತ್ತಿದರೆ ಪುಡಿಯಾಗಿ ಬೀಳಬೇಕು, ಅಂಗೈಗೆ ಮೆತ್ತಬಾರದು. ಇಂಥ ಮಣ್ಣಿಗೆ ಸುರುಳಿಯ ಎಡೆ ಅಗಲವಾಗಿರುವ ಬಿಟ್ ಒಳ್ಳೆಯದು, ಏಕೆಂದರೆ ಇಕ್ಕಟ್ಟಾದ ಸುರುಳಿಯಲ್ಲಿ ಜೇಡಿ ಬೇಗ ಕಟ್ಟಿಕೊಳ್ಳುತ್ತದೆ. ಒಂದೇ ಬಾರಿಗೆ ಪೂರ್ತಿ ಆಳಕ್ಕೆ ಇಳಿಸುವ ಬದಲು ಅರ್ಧ ಅಡಿಗೊಮ್ಮೆ ಮೇಲೆತ್ತಿ ಮಣ್ಣು ಜಾಡಿಸಿ ಮತ್ತೆ ಇಳಿಸಿದರೆ ಮೋಟಾರಿಗೂ ಹಗುರ, ಬ್ಯಾಟರಿಗೂ ಉಳಿತಾಯ.

ಯಂತ್ರ ಮಾರುವವರು ಹೇಳದೆ ಬಿಡುವ, ಆದರೆ ಗಿಡದ ಜೀವಕ್ಕೇ ಸಂಬಂಧಿಸಿದ ಸಂಗತಿಯೊಂದು ಇಲ್ಲಿದೆ. ಹಸಿ ಜೇಡಿಮಣ್ಣಿನಲ್ಲಿ ಸುತ್ತುವ ಬಿಟ್‌ನ ಅಂಚು ಗುಂಡಿಯ ಗೋಡೆಯನ್ನು ಉಜ್ಜಿ ಉಜ್ಜಿ ನಯಗೊಳಿಸುತ್ತದೆ. ಹೊರತೆಗೆದ ಮೇಲೆ ಒಳಗೆ ಬೆರಳಾಡಿಸಿದರೆ ಗಾರೆ ಮಾಡಿದ ಗೋಡೆಯಂತೆ ನುಣುಪಾಗಿ, ಬೆಳಕಿಗೆ ಹೊಳೆಯುವುದು ಕಾಣುತ್ತದೆ. ಆ ಪದರದಲ್ಲಿ ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗಿರುವುದರಿಂದ ನೀರು ಪಕ್ಕಕ್ಕೆ ಇಂಗುವುದಿಲ್ಲ, ಎಳೆಯ ಬೇರು ಅದನ್ನು ತೂರಲಾರದೆ ಗುಂಡಿಯೊಳಗೇ ಸುತ್ತಿ ಸುತ್ತಿ ಬೆಳೆಯುತ್ತದೆ. ಕುಂಡದಲ್ಲಿ ನೆಟ್ಟ ಗಿಡಕ್ಕೂ ನೆಲದಲ್ಲಿ ನೆಟ್ಟ ಈ ಗಿಡಕ್ಕೂ ಆಗ ವ್ಯತ್ಯಾಸವೇ ಉಳಿಯುವುದಿಲ್ಲ. ಮೇಲೆ ಮೊದಲ ವರ್ಷ ಚೆನ್ನಾಗಿಯೇ ಕಾಣುವ ಗಿಡ ಆಮೇಲೆ ಸೊರಗುತ್ತದೆ, ಜೋರು ಗಾಳಿಗೆ ಬುಡಸಮೇತ ವಾಲುತ್ತದೆ. ಪರಿಹಾರ ಕಷ್ಟದ್ದಲ್ಲ. ಗುಂಡಿ ತೋಡಿದ ಮೇಲೆ ಹಾರೆಯ ಮೊನೆಯಿಂದ ಗೋಡೆಯನ್ನು ನಾಲ್ಕೂ ಕಡೆ ಗೀರಿ ಒರಟು ಮಾಡಬೇಕು, ತಳವನ್ನು ಕುಟ್ಟಿ ಸಡಿಲಿಸಬೇಕು, ಮತ್ತು ಮೇಲ್ಮಣ್ಣಿಗೆ ಗೊಬ್ಬರ ಬೆರೆಸಿ ತುಂಬಬೇಕು. ಗುದ್ದಲಿಯಿಂದ ತೋಡಿದ ಒಂದೂವರೆ ಅಡಿಯ ಚೌಕ ಗುಂಡಿಯಲ್ಲಿ ಸುಮಾರು 95 ಲೀಟರ್ ಸಡಿಲ ಮಣ್ಣು ಹಿಡಿಯುತ್ತಿದ್ದರೆ, ಅಷ್ಟೇ ಆಳದ ಹನ್ನೆರಡು ಇಂಚಿನ ದುಂಡು ಗುಂಡಿಯಲ್ಲಿ ಹಿಡಿಯುವುದು ಅದರ ಮೂರನೇ ಒಂದು ಭಾಗದಷ್ಟೇ ಎಂಬುದನ್ನೂ ಮರೆಯಬಾರದು. ಮೂರು ಅಡಿ ಚೌಕದ ಗುಂಡಿ ಬಯಸುವ ಮಾವು, ತೆಂಗಿಗೆ ಕೈ ಆಗರ್ ಸಾಧನವೇ ಅಲ್ಲ.

ಕಂಪ್ಲಿಯ ಕಡೆ ಆಗರ್ ಇನ್ನೊಂದು ಕೆಲಸಕ್ಕೂ ಬರುತ್ತದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳೂ ಅದಕ್ಕಿಂತ ಎಷ್ಟೋ ಹಿಂದಿನ ವಿಜಯನಗರ ಕಾಲದ ಕಾಲುವೆಗಳೂ ನೀರುಣಿಸುವ ಈ ಅಚ್ಚುಕಟ್ಟಿನಲ್ಲಿ, ಬಸಿಗಾಲುವೆ ಸರಿಯಿಲ್ಲದ ಕಡೆ ನೆಲ ಜವುಳಾಗಿ ಸವಳೇರುವ ತೊಂದರೆಯಿದೆ. ಮೂರು ನಾಲ್ಕು ಅಡಿ ಆಳಕ್ಕೆ ಒಂದು ಕಿರಿದಾದ ಗುಂಡಿ ಕೊರೆದು ರಾತ್ರಿಯಿಡೀ ಹಾಗೆಯೇ ಬಿಟ್ಟರೆ, ಬೆಳಿಗ್ಗೆ ಅದರೊಳಗೆ ನಿಂತ ನೀರಿನ ಮಟ್ಟವು ನೆಲದೊಳಗಿನ ನೀರು ಬೇರಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ತೋರಿಸುತ್ತದೆ. ಆ ನೀರನ್ನು ಎತ್ತಿಹಾಕಿ ಮತ್ತೆ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಅಳೆದು, ಮಣ್ಣಿನಲ್ಲಿ ನೀರು ಹರಿಯುವ ವೇಗ ಲೆಕ್ಕಹಾಕುವುದು ಬಸಿಗಾಲುವೆ ತಜ್ಞರ ಹಳೆಯ ವಿಧಾನ. ಮಣ್ಣು ಪರೀಕ್ಷೆಗೆ ಬೇರೆ ಬೇರೆ ಆಳದ ಮಾದರಿ ತೆಗೆಯಲೂ ಕೈಯಿಂದ ತಿರುಗಿಸುವ ಸಣ್ಣ ಆಗರ್ ಸಾಕು. ಹಗರಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಪಡೆದು ಮಣ್ಣು ಪರೀಕ್ಷೆ ಮಾಡಿಸಿಕೊಂಡ ರೈತರಿಗೆ ಯಂತ್ರದ ಆಯ್ಕೆಯೂ ಸುಲಭವಾಗುತ್ತದೆ, ಯಾವ ಬೆಳೆ ಹಾಕಬಾರದೆಂಬುದೂ ತಿಳಿಯುತ್ತದೆ.

ಸಂಡೂರಿನ ನೆಲದ ಮುಂದೆ ಕೈಯಲ್ಲಿ ಹಿಡಿಯುವ ಯಂತ್ರ, ಅದು ಬ್ಯಾಟರಿಯದಿರಲಿ ಪೆಟ್ರೋಲಿನದಿರಲಿ, ಬಹುಮಟ್ಟಿಗೆ ಸೋಲುತ್ತದೆ. ಕಣಿವೆಯ ತಳದ ಕೆಮ್ಮಣ್ಣಿನಲ್ಲಿ ಹೇಗೋ ಇಳಿಯುವ ಬಿಟ್, ಬೆಟ್ಟದ ಪಕ್ಕೆಗೆ ಹೋದಂತೆ ಹೆಮಟೈಟ್ ಅದಿರಿನ ಚೂರುಗಳಿಗೆ, ಕಬ್ಬಿಣ ಮತ್ತು ಬೆಣಚುಕಲ್ಲಿನ ಪಟ್ಟೆಗಳು ಕೂಡಿದ ಬಂಡೆಗೆ ತಾಗಿ ಕುಣಿಯತೊಡಗುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಟ್ಟಿ ಲೋಹಸಂಯುಕ್ತದ ತುದಿಯುಳ್ಳ ಹಲ್ಲುಗಳು ಸಾಮಾನ್ಯ ಉಕ್ಕಿಗಿಂತ ಹೆಚ್ಚು ದಿನ ಬಾಳಿದರೂ ಅವು ಗರಸಿಗೆ ಸರಿ, ಬಂಡೆಗಲ್ಲ. ಗಣಿಗಳಲ್ಲಿ ಸ್ಫೋಟಕ್ಕಾಗಿ ಕೊರೆಯುವ ಯಂತ್ರಗಳು ಬಂಡೆಯನ್ನು ಕುಟ್ಟಿ ಪುಡಿಮಾಡಿ ಗಾಳಿಯ ಒತ್ತಡದಿಂದ ಹೊರಹಾಕುವ ಬೇರೆ ಜಾತಿಯವು. ಅವನ್ನು ಕಂಡು ಆಗರ್‌ನಿಂದಲೂ ಅದೇ ಸಾಧ್ಯವೆಂದು ಎಣಿಸಬಾರದು.

ಆದರೆ ಗುಂಡಿಗಳು ತುಂಬಾ ಬೇಕಾಗಿರುವುದು ಸಂಡೂರಿನಲ್ಲೇ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿ, ಮುಂದೆ 2013ರಲ್ಲಿ ಷರತ್ತುಗಳೊಂದಿಗೆ ಅವಕಾಶ ಕೊಟ್ಟಾಗ, ಪ್ರತಿ ಗಣಿಗೂ ನೆಲದ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಗಣಿಬಾಧಿತ ಪ್ರದೇಶದ ಪರಿಸರ ಪುನಃಸ್ಥಾಪನೆಗೆಂದೇ 2014ರಲ್ಲಿ ರಾಜ್ಯ ಸರ್ಕಾರದ ನಿಗಮವೊಂದು ಸ್ಥಾಪನೆಯಾಯಿತು. ಗಿಡ ನೆಡುವುದು ಇಂಥ ಯೋಜನೆಗಳ ಮುಖ್ಯ ಭಾಗ. ಗಣಿಯ ತ್ಯಾಜ್ಯ ಸುರಿದ ದಿಬ್ಬದ ಇಳಿಜಾರಿನಲ್ಲಿ ಸಡಿಲ ಕಲ್ಲುಗಳ ನಡುವೆ ಕಿರಿದಾದ ದುಂಡು ಗುಂಡಿ ತೋಡಿದರೆ ಗೋಡೆ ಕುಸಿಯುತ್ತದೆ, ಕುಸಿಯದಿದ್ದರೂ ಅದರಲ್ಲಿ ಬೇರು ಹಿಡಿಯುವಷ್ಟು ಮಣ್ಣಿರುವುದಿಲ್ಲ. ಅಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರದಿಂದ ಅಗಲವಾದ ಗುಂಡಿ ಮಾಡಿ, ಹೊರಗಿನಿಂದ ಒಳ್ಳೆಯ ಮಣ್ಣು ತಂದು ತುಂಬಿ, ನೀರು ನಿಲ್ಲುವಂತೆ ಅಡ್ಡ ಬದು ಹಾಕಿ, ಬೇವು ಹೊಂಗೆಯಂಥ ಗಟ್ಟಿ ಜೀವದ ಗಿಡ ನೆಡುವುದೇ ದಾರಿ. ಗುಂಡಿಗಳ ಸಂಖ್ಯೆ ತೋರಿಸುವ ಆತುರದಲ್ಲಿ ಆಗರ್‌ನಿಂದ ಸಾಲಾಗಿ ಕಿರಿಗುಂಡಿ ಕೊರೆದು ಸಸಿ ಊರಿದರೆ ಆ ಸಸಿಗಳಿಗೂ ಆ ಬೆಟ್ಟಕ್ಕೂ ಅನ್ಯಾಯವಾಗುತ್ತದೆ. ಒಂದು ಮಾತು ಕೂಲಿಯ ಬಗೆಗೂ ಹೇಳಬೇಕು: 2005ರ ಉದ್ಯೋಗ ಖಾತರಿ ಕಾಯ್ದೆಯಡಿಯ ಕಾಮಗಾರಿಗಳಲ್ಲಿ ಕೈಕೆಲಸವನ್ನು ಕಿತ್ತುಕೊಳ್ಳುವ ಯಂತ್ರಗಳಿಗೆ ಆಸ್ಪದವಿರಬಾರದೆಂದು ನಿಯಮ ಮಾಡಿದ್ದು, ಗುಂಡಿ ತೋಡುವ ಕೂಲಿಯನ್ನೇ ನಂಬಿದ ಮನೆಗಳನ್ನು ಗಮನದಲ್ಲಿಟ್ಟುಕೊಂಡೇ.

ಹಂಪಿಯಲ್ಲಿ ಯಾವ ಯಂತ್ರ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಗುಂಡಿ ತೋಡಬಹುದೇ ಎಂಬುದನ್ನು. 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಕಾಣುವ ಗುಡಿಗಳಷ್ಟೇ ಸ್ಮಾರಕಗಳಲ್ಲ, ಕಾಲ ಕೆಳಗಿನ ಮಣ್ಣೂ ಸ್ಮಾರಕವೇ. ರಾಜಾಂಗಣದಲ್ಲಿ ಇಂದು ಪ್ರವಾಸಿಗರು ಬೆರಗಿನಿಂದ ನೋಡುವ ಕಪ್ಪು ಕಲ್ಲಿನ ಮೆಟ್ಟಿಲುಗಳ ಪುಷ್ಕರಣಿ 1980ರ ದಶಕದ ಉತ್ಖನನದವರೆಗೆ ಮಣ್ಣಿನಡಿ ಹೂತುಹೋಗಿತ್ತು. ಪುರಾತತ್ವಜ್ಞರಿಗೆ ಮಣ್ಣಿನ ಒಂದೊಂದು ಪದರವೂ ಒಂದೊಂದು ಕಾಲದ ದಾಖಲೆ. ಎಂಟು ಇಂಚಿನ ಬಿಟ್ ಆ ಪದರಗಳನ್ನೆಲ್ಲ ಅರ್ಧ ನಿಮಿಷದಲ್ಲಿ ಕಲಸಿ ಮೇಲೆ ಚೆಲ್ಲಿದರೆ ಅದನ್ನು ಮರಳಿ ಜೋಡಿಸುವ ಉಪಾಯವಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್‌ವರೆಗೆ ನಿಯಂತ್ರಿತ. ಇದರ ಜೊತೆಗೆ ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆಯೂ ಇದೆ. ಬೇಲಿ ಕಂಬವೋ ಫಲಕವೋ ನಿಲ್ಲಿಸುವ ಮೊದಲು ಈ ಎರಡೂ ಕಾಯ್ದೆಗಳ ಅಧಿಕಾರಿಗಳ ಬಳಿ ವಿಚಾರಿಸಿ ಲಿಖಿತ ಅನುಮತಿ ಪಡೆಯುವುದು ಅನಿವಾರ್ಯ. ಅನುಮತಿ ಇರುವ ಕಡೆಯಲ್ಲೂ ಮಣ್ಣಿನ ಪದರ ತೆಳುವಾದ್ದರಿಂದ ಬಿಟ್ ಯಾವ ಗಳಿಗೆಯಲ್ಲಿ ಬಂಡೆಗೆ ತಾಗುವುದೋ ಹೇಳಲಾಗದು. ಕಬ್ಬಿಣದ ಸರಳನ್ನು ಮೊದಲು ಚುಚ್ಚಿ ಆಳ ನೋಡಿಕೊಳ್ಳುವುದು ಕ್ಷೇಮ. ಬಂಡೆಗಳ ಮೇಲೆ ವಿಜಯನಗರದ ಕಲ್ಲುಕುಟಿಗರು ಬೆಣೆ ಹೊಡೆದು ಕಲ್ಲು ಸೀಳಲು ಸಾಲಾಗಿ ಉಳಿಯಿಂದ ತೋಡಿದ ಕುಳಿಗಳು ಇಂದಿಗೂ ಉಳಿದಿವೆ. ಒಂದೊಂದರ ಅಳತೆ, ಅಂತರ, ಆಳ ನೋಡಿದರೆ ಕಲ್ಲಿನ ಎಳೆ ಅರಿತು ಕುಳಿ ತೋಡಿದವರ ಕೈಚಳಕ ಎಷ್ಟೆಂದು ಗೊತ್ತಾಗುತ್ತದೆ.

ಕೆಲಸದ ವೇಳೆಯ ಎಚ್ಚರಗಳಲ್ಲಿ ಬಟ್ಟೆಯ ವಿಚಾರ ಎಲ್ಲಕ್ಕಿಂತ ಮುಖ್ಯ. ಹೆಗಲ ಮೇಲಿನ ಟವೆಲ್, ಇಳಿಬಿಟ್ಟ ಪಂಚೆ, ಸೀರೆಯ ಸೆರಗು ತಿರುಗುವ ಬಿಟ್‌ಗೆ ಸುತ್ತಿಕೊಂಡರೆ ಮೋಟಾರು ನಿಲ್ಲಿಸುವಷ್ಟರಲ್ಲಿ ಅನಾಹುತ ಆಗಿಹೋಗಿರುತ್ತದೆ. ಬಿಟ್‌ನ ಬುಡದ ಮಣ್ಣನ್ನು ಯಂತ್ರ ತಿರುಗುತ್ತಿರುವಾಗ ಕಾಲಿನಿಂದ ಸರಿಸುವುದೂ ಅಷ್ಟೇ ಅಪಾಯಕರ. ಹನಿ ನೀರಾವರಿಯ ಪೈಪು, ಹೂತ ಪಿವಿಸಿ ಕೊಳವೆ, ಪಂಪ್‌ಸೆಟ್ಟಿನ ಕೇಬಲ್ ಎಲ್ಲಿ ಹಾದುಹೋಗಿವೆ ಎಂದು ಮೊದಲೇ ಸುಣ್ಣದಿಂದ ಗುರುತು ಹಾಕಬೇಕು. ಪೆಟ್ರೋಲ್ ಯಂತ್ರವಾದರೆ ಕಿವಿಗೆ ರಕ್ಷಣೆ ಬೇಕು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಅಂಚಿನ ಹೊಲಗಳಲ್ಲಿ ಕಡಿಮೆ ಸದ್ದಿನ ಬ್ಯಾಟರಿ ಯಂತ್ರವೇ ಮೇಲು. ತೋಡಿದ ಗುಂಡಿಯನ್ನು ಅಂದೇ ತುಂಬಬೇಕು, ಆಗದಿದ್ದರೆ ಹಲಗೆ ಮುಚ್ಚಬೇಕು. ಮೇಯಲು ಬಂದ ಆಡು ಕುರಿಗಳ ಕಾಲು ಮುರಿಯಲು ಒಂದೂವರೆ ಅಡಿಯ ಗುಂಡಿ ಸಾಕು.

ವರ್ಷಕ್ಕೆ ಒಂದೆರಡು ವಾರ ಮಾತ್ರ ಗುಂಡಿ ತೋಡುವ ಸಣ್ಣ ರೈತರಿಗೆ ಯಂತ್ರ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲಾಭ. ರಾಜ್ಯದಲ್ಲಿ 2014-15ರಿಂದ ನಡೆದುಬಂದಿರುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಏನು ಸಿಗುತ್ತದೆ, ಕೊಳ್ಳುವುದಾದರೆ ಸಹಾಯಧನ ಯಾವ ಮಾದರಿಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿಕೊಳ್ಳಬೇಕು, ಏಕೆಂದರೆ ಅಂಗಡಿಯಲ್ಲಿ ಹಣ ಕಟ್ಟಿದ ಮೇಲೆ ಸಹಾಯಧನಕ್ಕೆ ಅಲೆಯುವುದು ವ್ಯರ್ಥ ಶ್ರಮ. ಕೊಳ್ಳಲೇಬೇಕೆಂದು ತೀರ್ಮಾನಿಸಿದವರು ಯಂತ್ರವನ್ನು ಅಂಗಡಿಯ ಮುಂದಿನ ಮೆತ್ತನೆಯ ಮಣ್ಣಿನಲ್ಲಿ ಪರೀಕ್ಷಿಸದೆ, ತಮ್ಮ ಹೊಲದಲ್ಲಿ, ಅಲ್ಲಿನ ಅತಿ ಗಟ್ಟಿಯಾದ ಮೂಲೆಯಲ್ಲಿ ಎರಡು ಗುಂಡಿ ತೋಡಿಸಿ ನೋಡಬೇಕು. ಬ್ಯಾಟರಿ ಮತ್ತು ಬಿಟ್ ಸೇರಿ ಎಷ್ಟು ತೂಕವಾಗುತ್ತದೆ, ಅದನ್ನು ಗುಂಡಿಯಿಂದ ಗುಂಡಿಗೆ ಎತ್ತಿಕೊಂಡು ಹೋಗುವವರಿಗೆ ಹತ್ತನೆಯ ಗುಂಡಿಯ ಹೊತ್ತಿಗೆ ಸೊಂಟ ನೋಯುತ್ತದೆಯೇ ಎಂದು ಅವರನ್ನೇ ಕೇಳಬೇಕು. ಬಿಟ್ ಜೋಡಿಸುವ ಶಾಫ್ಟ್‌ನ ದಪ್ಪ ಮತ್ತು ಪಿನ್ನಿನ ಅಳತೆ ಸಾಮಾನ್ಯವಾಗಿ ಸಿಗುವಂಥದ್ದಾದರೆ ಬೇರೆ ಕಂಪನಿಯ ಬಿಟ್ ಕೂಡ ಹೊಂದುತ್ತದೆ. ಬದಲಿ ಹಲ್ಲು, ಪಿನ್ನು, ಎರಡನೆಯ ಬ್ಯಾಟರಿ ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಕೈಗೆ ಸಿಗುವುದಾದರೆ ಮಾತ್ರ ಆ ಯಂತ್ರವನ್ನು ಮನೆಗೆ ತರುವುದು ಸರಿ. ಇಲ್ಲವಾದರೆ ಮೊದಲ ಮಳೆಗೆ ಮುನ್ನ ಒಂದು ಹಲ್ಲು ಮುರಿದರೂ ನಾಟಿಯ ಹದ ಕೈತಪ್ಪಿಹೋಗುತ್ತದೆ.